ಬೇಣದ ರಬ್ಬರಿಗೆ ಹೊಸ ಪಂಚಾಂಗ

ಹೊನ್ನಾವರ ತಾಲೂಕಿನಲ್ಲಿ, ಗೇರುಸೊಪ್ಪೆ ಘಟ್ಟದ ಬುಡದಲ್ಲಿ ನಮ್ಮ ಜಮೀನು. ತಗ್ಗಿನಲ್ಲಿ ಅಡಿಕೆ ತೋಟ, ಅದರ ಮೇಲೆ ಬೇಣ, ಎಂದರೆ ಹುಲ್ಲು ಬೆಳೆಯುವ ಗುಡ್ಡ. ಕೊಟ್ಟಿಗೆಯಲ್ಲಿ ದನಗಳು ಕಡಿಮೆಯಾಗುತ್ತ ಬಂದಂತೆ ಬೇಣದ ಹುಲ್ಲು ಕೊಯ್ಯುವವರೂ ಇಲ್ಲವಾದರು. ಕೇರಳದಿಂದ ಬಂದು ನೆಲೆಸಿದ ನೆರೆಯವರ ತೋಟ ನೋಡಿ ನಾನೂ ಅಲ್ಲಿ ರಬ್ಬರ್ ಹಾಕಿದೆ. ಗಿಡದ ಜೊತೆಗೆ ಅವರ ಪಂಚಾಂಗವೂ ಬಂತು. ಮೃಗಶಿರ ಹಿಡಿಯುವುದರೊಳಗೆ ತೊಗಟೆಯ ಗೀರಿಗೆ ಮಳೆನೀರು ಇಳಿಯದಂತೆ ರೈನ್ ಗಾರ್ಡ್ ಎಂಬ ಪ್ಲಾಸ್ಟಿಕ್ ಮರೆ ಕಟ್ಟಬೇಕು, ಸೆಪ್ಟೆಂಬರಿನಿಂದ ಜನವರಿವರೆಗೆ ಜೋರು ಟ್ಯಾಪಿಂಗ್ (ತೊಗಟೆ ಗೀರಿ ರಬ್ಬರಿನ ಹಾಲು ತೆಗೆಯುವುದು), ಎಲೆ ಉದುರಿ ಚಿಗುರುವಾಗ ಮರಕ್ಕೆ ವಿಶ್ರಾಂತಿ.

ಪಂಚಾಂಗ ಕೊಟ್ಟಾಯಂ ಕಡೆಯದು. ಅಲ್ಲಿ ಮಾರ್ಚ್‌, ಏಪ್ರಿಲ್‌ನಲ್ಲಿ ಬೇಸಿಗೆ ಮಳೆ ಬೀಳುತ್ತದೆ, ಅಕ್ಟೋಬರ್‌, ನವೆಂಬರಿನಲ್ಲಿ ಹಿಂಗಾರು ಚೆನ್ನಾಗಿ ಸುರಿಯುತ್ತದೆ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬಂದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ. ಡಿಸೆಂಬರಿನಿಂದ ಬೇಸಿಗೆ ಕಳೆಯುವ ತನಕ ಚೀರೆಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ ಕಾದ ಹೆಂಚು. ಕರಾವಳಿಯಲ್ಲಿ ಉತ್ತರಕ್ಕೆ ಹೋದಷ್ಟೂ ಈ ಒಣಗಾಲ ಉದ್ದವಾಗುತ್ತದೆ. ಮಹಾರಾಷ್ಟ್ರದ ದಾಪ್‌ಚರಿಯಲ್ಲಿರುವ ರಬ್ಬರ್ ಸಂಶೋಧನಾ ಕೇಂದ್ರದ ಪ್ರಯೋಗಗಳಲ್ಲಿ ನೀರು ಕೊಡದ ಗಿಡಗಳು ಟ್ಯಾಪಿಂಗಿಗೆ ಬರಲು ಹತ್ತು ವರ್ಷದ ಸನಿಹ ತೆಗೆದುಕೊಂಡವು, ನೀರು ಕೊಟ್ಟವು ಆರೇಳು ವರ್ಷಕ್ಕೇ ಬಂದವು. ನಾವು ಕೊಟ್ಟಾಯಂ ಮತ್ತು ದಾಪ್‌ಚರಿಯ ನಡುವೆ ಇದ್ದೇವೆ. ಸೆಕೆ ಏರುತ್ತ ಹೋದಂತೆ ವರ್ಷವರ್ಷವೂ ದಾಪ್‌ಚರಿಯ ಕಡೆಗೇ ಸರಿಯುತ್ತಿದ್ದೇವೆ ಎಂದು ನನಗೆ ಅನಿಸುತ್ತದೆ. ಹಾಗಾಗಿ ಮರ ಬದಲಿಸುವ ಮೊದಲು ಪಂಚಾಂಗ ಬದಲಿಸಲು ಹೊರಟೆ.

ಮೊದಲು ಬದಲಾದದ್ದು ರೈನ್ ಗಾರ್ಡ್ ಕಟ್ಟುವ ಕಾಲ. 2021ರ ಮೇ ತಿಂಗಳ ನಡುವೆ ತೌಕ್ತೆ ಚಂಡಮಾರುತ ನಮ್ಮ ಕಡಲಿನಲ್ಲಿ ಹಾದುಹೋಯಿತು. ಅದು ಕೃತ್ತಿಕೆ ಮಳೆಯ ದಿನಗಳು. ಟ್ಯಾಪಿಂಗ್ ಪಟ್ಟೆಯ, ಎಂದರೆ ಗೀರುವ ತೊಗಟೆಯ ಭಾಗದ, ಮೇಲೆ ನೀರು ಹರಿದು ಹಾಲೆಲ್ಲ ಕೊಚ್ಚಿಹೋಯಿತು, ಒದ್ದೆ ಪಟ್ಟೆಯಲ್ಲಿ ಕೊಳೆಯೂ ಶುರುವಾಯಿತು. ಮರುವರ್ಷದಿಂದ ಏಪ್ರಿಲ್ ಮುಗಿಯುತ್ತಿದ್ದಂತೆ ಕಟ್ಟಲು ಶುರು ಮಾಡುತ್ತೇನೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ತಲುಪಿ ಒಂದೆರಡು ದಿನದಲ್ಲಿ ನಮ್ಮ ಮೇಲೂ ಬಂದಾಗ ಸುತ್ತಲಿನ ತೋಟಗಳಲ್ಲಿ ಪ್ಲಾಸ್ಟಿಕ್ ಸುರುಳಿ ಇನ್ನೂ ಬಿಚ್ಚಿರಲಿಲ್ಲ.

ರೈನ್ ಗಾರ್ಡ್ ಕಟ್ಟುವುದರಲ್ಲಿ ಅಡಿಕೆಯವರಿಗೆ ಹೊಸದೇನಿಲ್ಲ. ಕೊಳೆ ತಡೆಯಲು ನಮ್ಮ ಹಿರಿಯರು ಅಡಿಕೆ ಗೊನೆಗೆ ಕೊಟ್ಟೆ, ಎಂದರೆ ಮಳೆ ತಡೆಯುವ ಹೊದಿಕೆ, ಕಟ್ಟುತ್ತಿದ್ದರು. ಇದೂ ಅದೇ ಜಾತಿಯ ಕೆಲಸ. ಟ್ಯಾಪಿಂಗ್ ಗೀರಿನ ಮೇಲೆ ಸ್ವಲ್ಪ ಜಾಗ ಬಿಟ್ಟು ತೊಗಟೆಯ ಒರಟು ಸಿಪ್ಪೆಯನ್ನು ಹೆರೆದು ಒಂದು ಪಟ್ಟಿ ನಯ ಮಾಡಬೇಕು. ಹಸಿರು ಕಾಣುವಷ್ಟು ಹೆರೆಯಬಾರದು. ಆ ಪಟ್ಟಿಗೆ ಡಾಂಬರಿನ ಅಂಟು ಹಚ್ಚಿ, ಪಾಲಿಥೀನ್ ಹಾಳೆಯನ್ನು ನೆರಿಗೆ ಹಿಡಿಯುತ್ತ ಸುತ್ತ ಒತ್ತಿ, ಮೇಲೆ ಬಟ್ಟೆಪಟ್ಟಿ ಇಟ್ಟು ಪಿನ್ ಹೊಡೆಯಬೇಕು. ಸೋರುವುದು ಯಾವಾಗಲೂ ನೆರಿಗೆಯ ಒಳಮಡಿಕೆಯಲ್ಲಿ. ಕೆಲಸ ಮುಗಿದ ಮರಕ್ಕೆ ಮೇಲಿನಿಂದ ಒಂದು ಚೊಂಬು ನೀರು ಹೊಯ್ದು, ಕೆಳಗೆ ಗೀರಿಗೆ ಬೆರಳಿಟ್ಟು ನೋಡುತ್ತೇನೆ. ಬೆರಳು ಒದ್ದೆಯಾದರೆ ಆ ನೆರಿಗೆಗೆ ಇನ್ನಷ್ಟು ಅಂಟು. ಆಳುಗಳಿಗೆ ಇದು ಅತಿಯೆನಿಸುತ್ತದೆ, ಎನಿಸಲಿ. 2024ರ ಆಗಸ್ಟಿನಲ್ಲಿ ನಾಲ್ಕನೇ ದರ್ಜೆಯ ರಬ್ಬರ್ ಶೀಟಿಗೆ ಕಿಲೋಗೆ 240 ರೂಪಾಯಿ ದಾಟಿದಾಗ ಹೊರಗೆ ಧೋ ಎಂದು ಮಳೆ. ಆ ಧಾರಣೆ ಸಿಕ್ಕಿದ್ದು ಮಳೆಯಲ್ಲೂ ಹಾಲು ತೆಗೆಯುತ್ತಿದ್ದವರಿಗೆ ಮಾತ್ರ.

ಟ್ಯಾಪಿಂಗಿನ ದಿನಗಳನ್ನು ಕಡಿಮೆ ಮಾಡಿದ್ದು ಇನ್ನೂ ದೊಡ್ಡ ಬದಲಾವಣೆ. ದಿನ ಬಿಟ್ಟು ದಿನ ಗೀರುತ್ತಿದ್ದಲ್ಲಿಂದ ಮೂರು ದಿನಕ್ಕೊಮ್ಮೆ, ಅಲ್ಲಿಂದ ವಾರಕ್ಕೊಮ್ಮೆಗೆ ಬಂದೆ. ರಬ್ಬರ್ ಮಂಡಳಿಯೇ ಶಿಫಾರಸು ಮಾಡಿದ ಕ್ರಮ ಇದು. ವಾರದ ಟ್ಯಾಪಿಂಗಿಗೆ ಪಟ್ಟೆಗೆ ಎಥೆಫಾನ್ ಹಚ್ಚಬೇಕಾಗುತ್ತದೆ. 2.5 ಶೇಕಡಾ ದ್ರಾವಣವನ್ನು ಬ್ರಷ್ಷಿನಲ್ಲಿ ಗೀರಿನ ಮೇಲೆ ತೆಳ್ಳಗೆ ಸವರಿದರೆ ಹಾಲು ಹೆಚ್ಚು ಹೊತ್ತು ಹರಿಯುತ್ತದೆ. ಬಿಸಿಲಿನ ವರ್ಷಗಳಲ್ಲಿ ಮರವನ್ನು ಮೇಲಿಂದ ಮೇಲೆ ಗೀರಿದರೆ ಪಟ್ಟೆ ಒಣಗುತ್ತದೆ, ಕತ್ತಿ ಹಾಕಿದರೂ ಹಾಲು ಜಿನುಗುವುದಿಲ್ಲ. ಅಂಥ ಮರ ನಿಂತಿದ್ದರೂ ಸತ್ತ ಲೆಕ್ಕ.

ನಮ್ಮ ಟ್ಯಾಪರಿಗೆ ಈ ರಜೆಗಳು ಹಿಡಿಸಲಿಲ್ಲ. ‘ಹೆಗಡೆಯವರೇ, ಹಾಲು ಬರುವ ಮರವನ್ನು ಸುಮ್ಮನೆ ನಿಲ್ಲಿಸುತ್ತೀರಲ್ಲ’ ಎಂದ. ಮರದ ಲೆಕ್ಕದ ಕೂಲಿ ಏರಿಸಿದೆ, ವಾರದ ಉಳಿದ ದಿನಗಳಿಗೆ ಅವನು ಇನ್ನೆರಡು ತೋಟ ಹಿಡಿದುಕೊಂಡ. ಈಗ ಅವನೇ ಆ ತೋಟದವರಿಗೂ ವಾರದ ಟ್ಯಾಪಿಂಗ್ ಬೋಧಿಸುತ್ತಾನಂತೆ.

ಟ್ಯಾಪಿಂಗಿನ ಹೊತ್ತನ್ನೂ ಬೇಗ ಮಾಡಿದೆವು. ಹಾಲಿನ ನಾಳಗಳಲ್ಲಿ ಒತ್ತಡ ಹೆಚ್ಚಿರುವುದು ಬೆಳಗಿನ ಜಾವ. ಬಿಸಿಲೇರಿ ಎಲೆಗಳು ನೀರು ಬಿಡಲು ಶುರು ಮಾಡಿದರೆ ಒತ್ತಡ ಇಳಿದು ಗೀರಿನ ಬಾಯಲ್ಲೇ ಹಾಲು ಹೆಪ್ಪುಗಟ್ಟುತ್ತದೆ. ನವೆಂಬರಿನಲ್ಲಿ ಸೂರ್ಯ ಹುಟ್ಟಿದ ಮೇಲೆ ಹೋದರೂ ನಡೆಯುತ್ತದೆ, ಜನವರಿ ಕೊನೆಗೆ ನಡೆಯುವುದಿಲ್ಲ. ಹಣೆಗೆ ದೀಪ ಕಟ್ಟಿಕೊಂಡು ಕತ್ತಲಲ್ಲೇ ಮುಗಿಸಬೇಕು. ಕಾಡುಕೋಣದ ಹೆದರಿಕೆಗೆ ಇಬ್ಬರು ಜೊತೆಯಾಗಿ ಹೋಗುವುದು ಕಡ್ಡಾಯ. ಫೆಬ್ರವರಿಯಲ್ಲಿ ಚಿಗುರು ಬಂದು ಎಲೆ ಬಲಿಯುವ ತನಕ ಕತ್ತಿ ಮೇಲಿಡುತ್ತೇವೆ. ಧಾರಣೆ ಎಷ್ಟೇ ಇರಲಿ, ಅದಕ್ಕೆ ವಿನಾಯಿತಿ ಇಲ್ಲ.

ಎಳೆಗಿಡಗಳ ಮಾತೇ ಬೇರೆ. ಬುಡದ ಕಸಿ ಗಂಟಿನಿಂದ 125 ಸೆಂಟಿಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ 50 ಸೆಂಟಿಮೀಟರ್ ಆಗುವ ತನಕ ಮರಕ್ಕೆ ಕತ್ತಿ ಹಾಕುವಂತಿಲ್ಲ. ಆ ಅಳತೆಗೆ ಬರುವುದು ಬೇಸಿಗೆಯನ್ನು ಹೇಗೆ ದಾಟಿಸುತ್ತೇವೆ ಎಂಬುದರ ಮೇಲೆ ನಿಂತಿದೆ. ಹೊಸ ಗಿಡಗಳಿಗೆ ಪಡುವಣ ಬಿಸಿಲು ತಾಗದಂತೆ ಅಡಿಕೆ ಸೋಗೆಯ ಮರೆ ಕಟ್ಟುತ್ತೇನೆ. ಸ್ವಲ್ಪ ದೊಡ್ಡವಾದ ಮೇಲೆ, ಕೊಂಬೆಗಳು ಹರಡಿ ನೆರಳು ಕೂಡುವ ತನಕ, ಕಾಂಡಕ್ಕೆ ಸುಣ್ಣ ಬಳಿಯುತ್ತೇನೆ. ಬಳಿಯದಿದ್ದರೆ ನೈರುತ್ಯದ ಮಗ್ಗುಲಿನ ತೊಗಟೆ ಸುಟ್ಟು ಬಿರಿಯುತ್ತದೆ, ಮುಂದೆ ಆ ಮಗ್ಗುಲಿನಲ್ಲಿ ಟ್ಯಾಪಿಂಗ್ ಪಟ್ಟೆಯೇ ಸಿಗುವುದಿಲ್ಲ. ಬುಡಕ್ಕೆ ಹೊದಿಕೆ ಹಾಕುವುದು ನವೆಂಬರಿನಲ್ಲೇ, ಮಣ್ಣಿನಲ್ಲಿ ಹಸಿ ಇರುವಾಗ. ಫೆಬ್ರವರಿಯಲ್ಲಿ ಹೊದಿಸುವವರು ಒಣ ಮಣ್ಣನ್ನು ಕಾಪಾಡುತ್ತಾರೆ ಅಷ್ಟೇ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ದರಕು (ಒಣ ಎಲೆ) ಅಡಿಕೆಗೆ ಮೀಸಲು, ಅದನ್ನು ಮುಟ್ಟುವುದಿಲ್ಲ. ಬೇಣದ ಹುಲ್ಲೇ ಸಾಕು.

ಸಾಲುಗಳ ನಡುವೆ ನೆಲ ಮುಚ್ಚುವ ಮುಕುನಾ ಬಳ್ಳಿ ಬಿಟ್ಟಿದ್ದೇನೆ. ಬೇರು ಆಳ ಹೋಗುವುದರಿಂದ ಬೇಸಿಗೆಯಲ್ಲೂ ಹಸಿರಾಗಿರುತ್ತದೆ, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ದನ ಬಾಯಿ ಹಾಕುವುದಿಲ್ಲ. ತಂಟೆಯೂ ಅದರದ್ದೇ. ಮಳೆಗಾಲದಲ್ಲಿ ಎರಡು ವಾರ ಮರೆತರೆ ಗಿಡದ ನೆತ್ತಿಗೆ ಏರಿ ಬಗ್ಗಿಸಿಬಿಡುತ್ತದೆ. ಬಳ್ಳಿ ಇಳಿಸಲು ಆಳು ಇಲ್ಲದವರು ಇದನ್ನು ಹಾಕದಿರುವುದೇ ಮೇಲು.

2023 ನಮಗೆ ಪರೀಕ್ಷೆಯ ವರ್ಷ. ಆ ವರ್ಷದ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್. ಮಘಾ ಮಳೆಯಲ್ಲಿ ಬಿಸಿಲು ಕಾಯ್ದಿತ್ತು. ಇಂಗುಗುಂಡಿ ತೋಡಿದ ಇಳಿಜಾರಿನ ಮರಗಳು ಮುಂದಿನ ಬೇಸಿಗೆಗೆ ಎಲೆ ಹಿಡಿದು ನಿಂತ ರೀತಿಗೂ ತೋಡದ ಕಡೆಯವು ಬೇಗ ಬೋಳಾದ ರೀತಿಗೂ ಇದ್ದ ಅಂತರ ದೂರದಿಂದಲೇ ಕಾಣುತ್ತಿತ್ತು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡೂವರೆ ಅಡಿ ಆಳದ ಗುಂಡಿಗಳನ್ನು ಸಾಲುಗಳ ನಡುವೆ, ಇಳಿಜಾರಿಗೆ ಅಡ್ಡವಾಗಿ ತೋಡಿಸಿದ್ದೆ. ಆದರೆ ಗುಡ್ಡದ ಕಡಿದಾದ ಮೇಲ್ಭಾಗದಲ್ಲಿ ಒಂದನ್ನೂ ತೋಡಿಸಿಲ್ಲ. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟಗಳೇ ಜಾರಿಹೋದವು. 2024ರಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಬಿತ್ತು. ಕಡಿದಾದ ಮಣ್ಣಿನ ಗುಡ್ಡಕ್ಕೆ ನೀರು ಕುಡಿಸುವುದನ್ನು ಜಲಸಂರಕ್ಷಣೆ ಎಂದು ಕರೆಯಲು ನನಗೆ ಧೈರ್ಯವಿಲ್ಲ. ಅಲ್ಲಿ ಜೆಸಿಬಿ ತಂದು ಮೆಟ್ಟಿಲು ಕಡಿಯುವುದನ್ನಂತೂ ಯಾರೂ ಮಾಡಬಾರದು.

ರೋಗಗಳ ವಿಷಯದಲ್ಲಿ ಅಡಿಕೆಯ ಅನುಭವ ಕೈ ಹಿಡಿಯಿತು. ಅಡಿಕೆಗೆ ಕೊಳೆ ತರುವ ಫೈಟೋಫ್ತೋರಾ ಎಂಬ ರೋಗಾಣುವಿನ ಕುಲದವೇ ರಬ್ಬರಿನಲ್ಲಿ ಮಳೆಗಾಲದ ಎಲೆ ಉದುರುವಿಕೆ ತರುತ್ತವೆ. ಬೋರ್ಡೋ ದ್ರಾವಣ ಎರಡಕ್ಕೂ ಆಗುತ್ತದೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ದ್ರಾವಣದಲ್ಲಿ ಅದ್ದಿದ ಕತ್ತಿಯಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಇನ್ನೂ ಬೇಕು. ಮಳೆಗೆ ಮೊದಲೇ ಮೇಲಿನ ಎಲೆಗಳಿಗೆಲ್ಲ ಹೊಡೆದು ಮುಗಿಸಬೇಕು. ಇಲ್ಲೂ ಪಂಚಾಂಗ ಎರಡು ವಾರ ಬೇಗ ಬಂದಿದೆ. ನೆತ್ತಿಯ ಕವಲುಗಳನ್ನು ಮಳೆಯ ನಡುವೆಯೂ ನೋಡುತ್ತಿರಬೇಕು. ಗುಲಾಬಿ ರೋಗ ಮೊದಲು ಜೇಡರಬಲೆಯಂಥ ಬಿಳಿ ಎಳೆಯಾಗಿ ಕವಲಿನಲ್ಲಿ ಕಾಣುತ್ತದೆ, ಆಮೇಲೆ ಗುಲಾಬಿ ಬಣ್ಣಕ್ಕೆ ತಿರುಗಿ, ತೊಗಟೆ ಬಿರಿದು ಹಾಲು ಕಪ್ಪಾಗಿ ಇಳಿಯುತ್ತದೆ. ಬಿಳಿ ಎಳೆ ಕಂಡ ದಿನವೇ ಬೋರ್ಡೋ ಪೇಸ್ಟ್ ಬಳಿದರೆ ಕೊಂಬೆ ಉಳಿಯುತ್ತದೆ.

ತಳಿಯ ವಿಚಾರ ಕೊನೆಗೆ. ನನ್ನ ಹಳೆಯ ಮರಗಳೆಲ್ಲ ಭಾರತೀಯ ರಬ್ಬರ್ ಸಂಶೋಧನಾ ಸಂಸ್ಥೆಯ ತಳಿಯಾದ ಆರ್‌ಆರ್‌ಐಐ 105. ಹಾಲು ಕೊಡುವುದರಲ್ಲಿ ದೋಷ ಹೇಳುವಂತಿಲ್ಲ, ಆದರೆ ಚಿಗುರುವ ಕಾಲದಲ್ಲಿ ಕೊರಿನೆಸ್ಪೋರಾ ಎಲೆರೋಗಕ್ಕೆ ಬೇಗ ಸೋಲುತ್ತದೆ. ಮುದಿ ಮರ ಕಡಿದ ತಗ್ಗಿನ ಭಾಗಕ್ಕೆ ಈಗ ಅದೇ ಸಂಸ್ಥೆಯ 430 ತಳಿ ಹಾಕಿದ್ದೇನೆ. ಒಣಗಾಲವನ್ನೂ ಆ ಎಲೆರೋಗವನ್ನೂ ಅದು ಹೆಚ್ಚು ತಡೆಯುತ್ತದೆ. ಚೀರೆಕಲ್ಲು ಮೇಲೆಯೇ ಇಣುಕುವ ನೆತ್ತಿಯ ಭಾಗದಲ್ಲಿ ಮಾತ್ರ ರಬ್ಬರನ್ನು ಮತ್ತೆ ಹಾಕುವುದಿಲ್ಲ. ಅಲ್ಲಿ ಗೇರು, ನಡುನಡುವೆ ಮುರುಗಲು (ಕೋಕಂ). ಮುರುಗಲಿನಲ್ಲಿ ಬೀಜದ ಗಿಡ ಗಂಡೋ ಹೆಣ್ಣೋ ಎಂದು ತಿಳಿಯಲು ಹೂ ಬಿಡುವ ತನಕ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಅದಕ್ಕೇ ಕಸಿ ಗಿಡಗಳನ್ನು ತಂದೆ.