ಊಟದಿಂದ ಇನ್ಸುಲಿನ್‌ವರೆಗೆ: ಅಯಾನು ಚಾನೆಲ್‌ಗಳ ಕೆಲಸವನ್ನು ಹಂತ ಹಂತವಾಗಿ ಅರಿಯುವುದು ಹೇಗೆ?

ಊಟ ಮುಗಿದ ಕೆಲವೇ ನಿಮಿಷಗಳಲ್ಲಿ ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ನನ್ನು ರಕ್ತಕ್ಕೆ ಬಿಡತೊಡಗುತ್ತವೆ. ರಕ್ತದಲ್ಲಿ ಗ್ಲೂಕೋಸ್ ಏರಿದೆ ಎಂಬ ಸಂಗತಿಯನ್ನು ಈ ಕೋಶಗಳು ಮೊದಲು ವಿದ್ಯುತ್ ಸಂಕೇತವನ್ನಾಗಿ ಬದಲಾಯಿಸಿಕೊಳ್ಳುತ್ತವೆ. ಇನ್ಸುಲಿನ್ ಹೊರಬರುವುದು ಆ ಬಳಿಕವೇ. ಈ ಬದಲಾವಣೆಯನ್ನು ನಡೆಸುವವು ಕೋಶಗಳ ಪೊರೆಯಲ್ಲಿ ಹುದುಗಿದ್ದು ಅಯಾನುಗಳಿಗೆ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳಿಗೆ, ದಾರಿ ಬಿಡುವ ಅಯಾನು ಚಾನೆಲ್‌ಗಳೆಂಬ ಪ್ರೋಟೀನುಗಳು. ನರಗಳ ಸಂದೇಶ, ಹೃದಯದ ಬಡಿತ, ಸ್ನಾಯುಗಳ ಸಂಕೋಚನ, ನಾಲಿಗೆಗೆ ತಾಗುವ ಖಾರ ಇವೆಲ್ಲವೂ ಇಂಥ ಪ್ರೋಟೀನುಗಳನ್ನೇ ನೆಚ್ಚಿಕೊಂಡಿವೆ.

ಪಿಯುಸಿ ಅಥವಾ ನರ್ಸಿಂಗ್ ಓದುವ ಅನೇಕರು ಚಾನೆಲ್‌ಗಳ ವಿಧಗಳನ್ನು ಬಾಯಿಪಾಠ ಮಾಡಿದ ಮೇಲೂ ಒಂದು ಗೊಂದಲದಲ್ಲಿ ಉಳಿಯುತ್ತಾರೆ. ‘ಪೊಟ್ಯಾಸಿಯಂ ಚಾನೆಲ್’ ಒಂದು ವಿಧವೆಂದು ಓದಿರುತ್ತಾರೆ, ‘ವೋಲ್ಟೇಜಿಗೆ ತೆರೆಯುವ ಚಾನೆಲ್’ ಇನ್ನೊಂದು ವಿಧವೆಂದೂ ಓದಿರುತ್ತಾರೆ. ಆದರೆ ಇವೆರಡಕ್ಕೂ ಇರುವ ಸಂಬಂಧವೇನೆಂದು ಯಾರೂ ಹೇಳಿರುವುದಿಲ್ಲ. ಯಾವ ಅಯಾನಿಗೆ ದಾರಿ ಎಂಬುದು ಒಂದು ಪ್ರಶ್ನೆ, ಯಾವುದರಿಂದ ತೆರೆಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಿಕೊಂಡರೆ ಯಾವುದೇ ಕೋಶದ ಚಾನೆಲ್‌ಗಳ ಕೆಲಸವನ್ನು ನಾವೇ ಊಹಿಸಬಹುದು. ಅದಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ನು ಮತ್ತು ಲಾಗರಿದಮ್ ತೋರಿಸುವ ಕ್ಯಾಲ್ಕ್ಯುಲೇಟರ್. ಬೀಟಾ ಕೋಶವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹಂತ 1: ಪೊರೆಯ ಒಳಗೆಷ್ಟು, ಹೊರಗೆಷ್ಟು ಎಂದು ಬರೆದುಕೊಳ್ಳಿ

ಜೀವಕೋಶದ ಪೊರೆ ಕೊಬ್ಬಿನ ಅಣುಗಳ ಜೋಡಿ ಪದರ; ಅದರ ದಪ್ಪ ಸುಮಾರು 5 ನ್ಯಾನೊಮೀಟರ್. ಅಯಾನುಗಳು ವಿದ್ಯುದಾವೇಶ ಹೊತ್ತಿರುವುದರಿಂದ ನೀರಿನ ಅಣುಗಳನ್ನು ಸುತ್ತಲೂ ಸೆಳೆದು ಹೊದ್ದುಕೊಂಡಿರುತ್ತವೆ. ಪೊರೆಯ ನಡುವಿನ ಎಣ್ಣೆಯಂಥ ಭಾಗವನ್ನು ಹೊಗಬೇಕಾದರೆ ಆ ಹೊದಿಕೆಯನ್ನು ಕಳಚಬೇಕು, ಅದಕ್ಕೆ ತಗಲುವ ಶಕ್ತಿ ಬಹಳ ಹೆಚ್ಚು. ಆದ್ದರಿಂದ ಪ್ರೋಟೀನಿನ ದಾರಿಯಿಲ್ಲದೆ ಅಯಾನುಗಳು ಪೊರೆಯನ್ನು ದಾಟಲಾರವು.

ಹಾಳೆಯ ನಡುವೆ ಒಂದು ಗೆರೆ ಎಳೆದು ಎಡಕ್ಕೆ ‘ಒಳಗೆ’, ಬಲಕ್ಕೆ ‘ಹೊರಗೆ’ ಎಂದು ಬರೆಯಿರಿ. ಪೊಟ್ಯಾಸಿಯಂ ಒಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ 5. ಸೋಡಿಯಂ ಒಳಗೆ ಸುಮಾರು 12, ಹೊರಗೆ 145. ಕ್ಯಾಲ್ಸಿಯಂ ಹೊರಗೆ 1ರಿಂದ 2 ಮಿಲಿಮೋಲ್‌ನಷ್ಟಿದ್ದರೆ, ಒಳಗೆ ಮುಕ್ತವಾಗಿ ಓಡಾಡುವ ಕ್ಯಾಲ್ಸಿಯಂ ಅದರ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಕ್ಲೋರೈಡ್ ಹೊರಗೆ ನೂರಕ್ಕೂ ಹೆಚ್ಚು, ಒಳಗೆ ಕಡಿಮೆ. ಎಷ್ಟು ಕಡಿಮೆ ಎಂಬುದು ಕೋಶದಿಂದ ಕೋಶಕ್ಕೆ ಬೇರೆಯಾಗುತ್ತದೆ.

ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಈ ಅಸಮತೆಯನ್ನು ಕಾಯುವುದು ಡೆನ್ಮಾರ್ಕಿನ ಯೆನ್ಸ್ ಸ್ಕೋ 1957ರಲ್ಲಿ ಏಡಿಯ ನರಗಳಲ್ಲಿ ಗುರುತಿಸಿದ ಸೋಡಿಯಂ–ಪೊಟ್ಯಾಸಿಯಂ ಪಂಪು. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಒಂದರ ಶಕ್ತಿಯಿಂದ ಅದು ಮೂರು ಸೋಡಿಯಂಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂಗಳನ್ನು ಒಳತರುತ್ತದೆ. ಪಂಪನ್ನೂ ಚಾನೆಲನ್ನೂ ಒಂದೇ ಎಂದು ಭಾವಿಸಬಾರದು. ಏತ ನೀರನ್ನು ಮೇಲಕ್ಕೆತ್ತುತ್ತದೆ, ತೂಬು ಕೆರೆಯ ನೀರಿಗೆ ದಾರಿಯನ್ನಷ್ಟೇ ಬಿಡುತ್ತದೆ. ಪಂಪು ಏತದಂತೆ, ಚಾನೆಲ್ ತೂಬಿನಂತೆ. ಚಾನೆಲಿಗೆ ನೂಕುವ ಶಕ್ತಿಯಿಲ್ಲ. ಆದರೆ ವೇಗದಲ್ಲಿ ಅದು ಪಂಪನ್ನು ಎಷ್ಟೋ ಮೀರಿಸುತ್ತದೆ: ಪಂಪು ಸೆಕೆಂಡಿಗೆ ಕೆಲವು ನೂರು ಅಯಾನುಗಳನ್ನು ಸಾಗಿಸಿದರೆ, ತೆರೆದ ಚಾನೆಲಿನಲ್ಲಿ ಹರಿಯುವವು ಲಕ್ಷಗಟ್ಟಲೆ, ಕೆಲವೊಮ್ಮೆ ಕೋಟಿಗಟ್ಟಲೆ.

ಹಂತ 2: ಪ್ರತಿ ಅಯಾನೂ ಯಾವ ವೋಲ್ಟೇಜಿನತ್ತ ಎಳೆಯುತ್ತದೆ ಎಂದು ಲೆಕ್ಕ ಹಾಕಿ

ಪೊಟ್ಯಾಸಿಯಂ ಚಾನೆಲ್ ಮಾತ್ರ ತೆರೆದಿದೆ ಎಂದುಕೊಳ್ಳಿ. ಒಳಗೆ ದಟ್ಟವಾಗಿರುವ ಪೊಟ್ಯಾಸಿಯಂ ಹೊರಕ್ಕೆ ಹರಿಯುತ್ತದೆ; ಧನ ಆವೇಶ ಹೊರಗೆ ಹೋದಂತೆ ಒಳಭಾಗ ಋಣವಾಗುತ್ತದೆ; ಋಣವಾದ ಒಳಭಾಗ ಪೊಟ್ಯಾಸಿಯಂ ಅನ್ನು ಹಿಂದಕ್ಕೆ ಸೆಳೆಯತೊಡಗುತ್ತದೆ. ಈ ಎರಡು ಎಳೆತಗಳು ಸಮವಾಗುವ ವೋಲ್ಟೇಜೇ ಆ ಅಯಾನಿನ ಸಮತೋಲನ ವೋಲ್ಟೇಜ್. ಜರ್ಮನಿಯ ರಸಾಯನ ವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್ ಅವರ ಸೂತ್ರದಿಂದ ಇದನ್ನು ಪಡೆಯಬಹುದು. ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ, ಹೊರಗಿನ ಸಾಂದ್ರತೆಯನ್ನು ಒಳಗಿನದರಿಂದ ಭಾಗಿಸಿ, ಅದರ ಹತ್ತರ ಆಧಾರದ ಲಾಗರಿದಮ್ ತೆಗೆದು, 61.5ರಿಂದ ಗುಣಿಸಿದರೆ ಉತ್ತರ ಮಿಲಿವೋಲ್ಟುಗಳಲ್ಲಿ ಬರುತ್ತದೆ. ಎರಡು ಧನ ಆವೇಶಗಳಿರುವ ಕ್ಯಾಲ್ಸಿಯಂಗೆ ಬಂದ ಉತ್ತರವನ್ನು ಎರಡರಿಂದ ಭಾಗಿಸಬೇಕು.

ಪೊಟ್ಯಾಸಿಯಂಗೆ ಸುಮಾರು −89, ಸೋಡಿಯಂಗೆ ಸುಮಾರು +67, ಕ್ಯಾಲ್ಸಿಯಂಗೆ +120ಕ್ಕೂ ಮೇಲೆ ಬರುತ್ತದೆ. ಈ ಸಂಖ್ಯೆಗಳನ್ನು ದಪ್ಪವಾಗಿ ಬರೆದಿಟ್ಟುಕೊಳ್ಳಿ, ಏಕೆಂದರೆ ಮುಂದಿನದೆಲ್ಲವೂ ಒಂದು ನಿಯಮದ ಮೇಲೆ ನಿಂತಿದೆ: ಯಾವ ಅಯಾನಿನ ಚಾನೆಲ್ ತೆರೆಯುತ್ತದೆಯೋ, ಪೊರೆಯ ವೋಲ್ಟೇಜ್ ಆ ಅಯಾನಿನ ಸಮತೋಲನ ವೋಲ್ಟೇಜಿನತ್ತ ಸರಿಯುತ್ತದೆ. ವಿಶ್ರಾಂತಿಯಲ್ಲಿರುವ ಬೀಟಾ ಕೋಶದ ಒಳಭಾಗ ಸುಮಾರು −70 ಮಿಲಿವೋಲ್ಟಿನಲ್ಲಿರುತ್ತದೆ. ಅದು −89ಕ್ಕೆ ಹತ್ತಿರವಿರುವುದರಿಂದ, ಆ ಹೊತ್ತಿನಲ್ಲಿ ಮುಖ್ಯವಾಗಿ ಪೊಟ್ಯಾಸಿಯಂ ಚಾನೆಲ್‌ಗಳು ತೆರೆದಿವೆ ಎಂದು ಯಾರೂ ಹೇಳದೆಯೇ ನಾವು ತಿಳಿಯಬಹುದು.

ಇಲ್ಲಿ ಅನೇಕರಿಗೆ ಬರುವ ಸಂದೇಹವೊಂದಿದೆ. ಇಷ್ಟು ಅಯಾನುಗಳು ಹರಿದರೆ ಒಳಗಿನ ಸಾಂದ್ರತೆ ಬದಲಾಗದೆ ಇರುತ್ತದೆಯೇ? ಲೆಕ್ಕ ಮಾಡಿ ನೋಡಿ. ಬೀಟಾ ಕೋಶದ ಪೊರೆಯ ಧಾರಣಶಕ್ತಿ, ಅಂದರೆ ಆವೇಶವನ್ನು ಹಿಡಿದಿಡುವ ಸಾಮರ್ಥ್ಯ, ಸುಮಾರು 10 ಪಿಕೋಫ್ಯಾರಡ್. ಅದರ ವೋಲ್ಟೇಜನ್ನು 20 ಮಿಲಿವೋಲ್ಟಿನಷ್ಟು ಬದಲಾಯಿಸಲು ಹನ್ನೆರಡೂವರೆ ಲಕ್ಷ ಅಯಾನುಗಳು ದಾಟಿದರೆ ಸಾಕು. ಕೋಶದೊಳಗಿರುವ ಪೊಟ್ಯಾಸಿಯಂ ಅಯಾನುಗಳಾದರೋ ಸುಮಾರು 8,000 ಕೋಟಿ. ದಾಟಿದ್ದು ಅರವತ್ತು ಸಾವಿರಕ್ಕೆ ಒಂದರಷ್ಟು. ಸಾಂದ್ರತೆಯಲ್ಲಿ ಅದು ಕಾಣಿಸುವುದೇ ಇಲ್ಲ.

ಹಂತ 3: ಯಾರಿಗೆ ದಾರಿ ಎಂದು ಕೇಳಿ

ಪೊಟ್ಯಾಸಿಯಂ ಅಯಾನು ಸೋಡಿಯಂಗಿಂತ ದೊಡ್ಡದು. ಹಾಗಿದ್ದರೂ ಪೊಟ್ಯಾಸಿಯಂ ಚಾನೆಲಿನಲ್ಲಿ ದೊಡ್ಡದು ಸಲೀಸಾಗಿ ಹೋಗುತ್ತದೆ, ಚಿಕ್ಕದಕ್ಕೆ ತಡೆಯಾಗುತ್ತದೆ. ಬರಿಯ ರಂಧ್ರದ ಅಳತೆಯಿಂದ ಇದನ್ನು ವಿವರಿಸಲಾಗದು. ಉತ್ತರ ಕಣ್ಣಿಗೆ ಕಾಣುವಂತೆ ದೊರೆತದ್ದು 1998ರಲ್ಲಿ, ಅಮೆರಿಕದ ರಾಡರಿಕ್ ಮೆಕಿನನ್ ಅವರ ತಂಡ ಒಂದು ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ಚಾನೆಲಿನ ರಚನೆಯನ್ನು ಎಕ್ಸ್-ರೇ ವಿಧಾನದಿಂದ ಬಿಡಿಸಿದಾಗ. ಚಾನೆಲಿನ ಅತ್ಯಂತ ಕಿರಿದಾದ ಭಾಗದಲ್ಲಿ ಪ್ರೋಟೀನಿನ ಆಕ್ಸಿಜನ್ ಪರಮಾಣುಗಳು ಉಂಗುರಗಳಂತೆ ಸಾಲುಗೂಡಿವೆ. ಪೊಟ್ಯಾಸಿಯಂ ತನ್ನ ನೀರಿನ ಹೊದಿಕೆಯನ್ನು ಕಳಚಿದ ಕೂಡಲೆ ಆ ಆಕ್ಸಿಜನ್‌ಗಳು ನೀರಿನ ಸ್ಥಾನವನ್ನು ಸರಿಯಾದ ದೂರದಲ್ಲಿ ನಿಂತು ತುಂಬುತ್ತವೆ, ಹೀಗಾಗಿ ಅದಕ್ಕೆ ನಷ್ಟವೇನೂ ಇಲ್ಲ. ಸೋಡಿಯಂ ಚಿಕ್ಕದಾದ್ದರಿಂದ ಆಕ್ಸಿಜನ್‌ಗಳು ಅದಕ್ಕೆ ಸರಿಯಾಗಿ ಎಟುಕುವುದಿಲ್ಲ. ನೀರನ್ನು ಬಿಟ್ಟುಕೊಟ್ಟ ನಷ್ಟ ಅದಕ್ಕೆ ತುಂಬಿಬರುವುದಿಲ್ಲ. ಒಂದು ಸೋಡಿಯಂ ದಾಟುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಪೊಟ್ಯಾಸಿಯಂಗಳು ದಾಟಿರುತ್ತವೆ. ಜೀವಶಾಸ್ತ್ರದಲ್ಲಿ ಇಷ್ಟು ಸರಳವೂ ಇಷ್ಟು ಸುಂದರವೂ ಆದ ವಿವರಣೆಗಳು ವಿರಳ. 2003ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಮೆಕಿನನ್ ಅವರಿಗೆ ಪಾಲು ದೊರೆತದ್ದು ಈ ಕೆಲಸಕ್ಕೆ.

ಎಲ್ಲ ಚಾನೆಲ್‌ಗಳೂ ಇಷ್ಟು ಕಟ್ಟುನಿಟ್ಟಾಗಿಲ್ಲ. ನರವು ಸ್ನಾಯುವನ್ನು ಸೇರುವಲ್ಲಿ, ಅಸೆಟೈಲ್‌ಕೋಲಿನ್ ಎಂಬ ನರದ ಸಂದೇಶವಾಹಕ ಅಣುವಿಗೆ ತೆರೆಯುವ ಚಾನೆಲ್ ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಬಿಡುತ್ತದೆ. ಇನ್ನು ಕೆಲವು ಋಣ ಆವೇಶದ ಕ್ಲೋರೈಡಿಗೆ ಮೀಸಲಾಗಿವೆ.

ಹಂತ 4: ಯಾವುದರಿಂದ ತೆರೆಯುತ್ತದೆ ಎಂದು ಕೇಳಿ

ಪೊರೆಯ ವೋಲ್ಟೇಜ್ ಬದಲಾದಾಗ ತೆರೆಯುವ ಚಾನೆಲ್‌ಗಳಲ್ಲಿ ಧನ ಆವೇಶದ ಅಮೈನೋ ಆಮ್ಲಗಳನ್ನು ಹೊತ್ತ ಸುರುಳಿಯೊಂದು ಪೊರೆಯೊಳಗೇ ಇರುತ್ತದೆ. ಕೋಶದ ಒಳಭಾಗ ಋಣವಾಗಿರುವಾಗ ಅದು ಒಳಕ್ಕೆ ಸೆಳೆಯಲ್ಪಟ್ಟಿರುತ್ತದೆ. ಋಣತ್ವ ತಗ್ಗಿದಾಗ ಹೊರಮುಖವಾಗಿ ಸರಿದು ಕದವನ್ನು ತೆರೆಯುತ್ತದೆ. ಇಂಗ್ಲೆಂಡಿನ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರತಂತುವಿನಲ್ಲಿ ಅಳತೆಗಳನ್ನು ಮಾಡಿ, ಸೋಡಿಯಂ ಮತ್ತು ಪೊಟ್ಯಾಸಿಯಂಗಳಿಗೆ ಬೇರೆ ಬೇರೆ ದಾರಿಗಳಿದ್ದು ಅವು ವೋಲ್ಟೇಜಿಗೆ ತಕ್ಕಂತೆ ತೆರೆಯುತ್ತವೆ ಎಂಬುದನ್ನು 1952ರಲ್ಲೇ ಗಣಿತದ ಸಮೀಕರಣಗಳಲ್ಲಿ ಬರೆದಿಟ್ಟಿದ್ದರು. ಆಗ ಚಾನೆಲ್ ಪ್ರೋಟೀನುಗಳನ್ನು ಯಾರೂ ಬೇರ್ಪಡಿಸಿರಲಿಲ್ಲ.

ಎರಡನೆಯ ಗುಂಪು ಒಂದು ಅಣು ಬಂದು ಅಂಟಿಕೊಂಡಾಗ ತೆರೆಯುವ ಅಥವಾ ಮುಚ್ಚುವ ಚಾನೆಲ್‌ಗಳದು. ಅಸೆಟೈಲ್‌ಕೋಲಿನ್ ಹೊರಗಿನಿಂದ ಅಂಟುತ್ತದೆ. ಎಟಿಪಿ, ಕ್ಯಾಲ್ಸಿಯಂ ಮುಂತಾದವು ಒಳಗಿನಿಂದ. ನಾಗರಹಾವಿನ ವಿಷದಲ್ಲಿರುವ ಕೆಲವು ಪ್ರೋಟೀನುಗಳು ಅಸೆಟೈಲ್‌ಕೋಲಿನ್ ಕೂರಬೇಕಾದ ಜಾಗದಲ್ಲಿ ತಾವು ಕುಳಿತುಬಿಡುತ್ತವೆ. ನರದಿಂದ ಸಂದೇಶ ಬಂದರೂ ಚಾನೆಲ್ ತೆರೆಯುವುದಿಲ್ಲ, ರೆಪ್ಪೆಗಳು ಜೋತುಬೀಳುತ್ತವೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಹಾವು ಕಚ್ಚಿದವರನ್ನು ಮಂತ್ರ, ನಾಟಿ ಮದ್ದುಗಳೆಂದು ಕಾಯಿಸದೆ ಆಸ್ಪತ್ರೆಗೆ ಒಯ್ಯಬೇಕೆನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಉಷ್ಣತೆ ಮತ್ತು ಒತ್ತಡಗಳಿಗೆ ತೆರೆಯುವ ಚಾನೆಲ್‌ಗಳೂ ಇವೆ. ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಗುರುತಿಸಿದ ಟಿಆರ್‌ಪಿವಿ1 ಎಂಬ ಚಾನೆಲ್ ಸುಮಾರು 43 ಡಿಗ್ರಿ ಮೀರಿದ ಬಿಸಿಗೆ ತೆರೆಯುತ್ತದೆ, ಮೆಣಸಿನಕಾಯಿಯ ಕ್ಯಾಪ್ಸೇಸಿನ್‌ಗೂ ತೆರೆಯುತ್ತದೆ. ಖಾರ ತಿಂದಾಗ ಬಾಯಿ ‘ಉರಿಯುತ್ತದೆ’ ಎನ್ನುವುದು ನರದ ಮಟ್ಟದಲ್ಲಿ ಅಕ್ಷರಶಃ ನಿಜ. ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿ ಅಷ್ಟಾಗಿ ಉರಿಸದಿರುವುದು ಅದರಲ್ಲಿ ಕ್ಯಾಪ್ಸೇಸಿನ್ ಕಡಿಮೆ ಇರುವುದರಿಂದ. ಹಕ್ಕಿಗಳ ಟಿಆರ್‌ಪಿವಿ1 ಬಿಸಿಗೆ ತೆರೆದರೂ ಕ್ಯಾಪ್ಸೇಸಿನ್‌ಗೆ ಸ್ಪಂದಿಸುವುದಿಲ್ಲ, ಆದ್ದರಿಂದ ಗಿಳಿಗಳು ಮೆಣಸಿನಕಾಯಿಯನ್ನು ಹಣ್ಣಿನಂತೆ ತಿನ್ನುತ್ತವೆ. ಪೊರೆ ಹಿಗ್ಗಿದಾಗ ತೆರೆಯುವ ಪಿಯೆಜೊ ಚಾನೆಲ್‌ಗಳನ್ನು ಆರ್ಡೆಮ್ ಪಟಪೂಟಿಯನ್ ಅವರ ತಂಡ 2010ರಲ್ಲಿ ಗುರುತಿಸಿತು. 2021ರ ವೈದ್ಯಕೀಯ ನೊಬೆಲ್ ಅನ್ನು ಜೂಲಿಯಸ್ ಮತ್ತು ಪಟಪೂಟಿಯನ್ ಹಂಚಿಕೊಂಡರು.

ಯಾವ ಸಂಕೇತಕ್ಕೂ ಕಾಯದೆ ಬಹುಮಟ್ಟಿಗೆ ತೆರೆದೇ ಇರುವ ಸೋರು ಚಾನೆಲ್‌ಗಳು ವಿಶ್ರಾಂತಿಯ ವೋಲ್ಟೇಜನ್ನು ಹಿಡಿದಿಡುತ್ತವೆ. ಈ ವಿಧಗಳನ್ನು ಗೋಡೆ ಕಟ್ಟಿದ ಕೋಣೆಗಳೆಂದು ತಿಳಿಯಬಾರದು. ಮಿದುಳಿನ ಎನ್‌ಎಂಡಿಎ ಎಂಬ ಚಾನೆಲಿಗೆ ಗ್ಲುಟಮೇಟ್ ಎಂಬ ಸಂದೇಶವಾಹಕ ಅಣು ಅಂಟಬೇಕು, ಜೊತೆಗೆ ಪೊರೆಯ ಋಣತ್ವವೂ ತಗ್ಗಿ ದಾರಿಯಲ್ಲಿ ಸಿಲುಕಿದ ಮೆಗ್ನೀಸಿಯಂ ಹೊರಬೀಳಬೇಕು; ಎರಡೂ ಒಟ್ಟಿಗೆ ಆದಾಗಲೇ ಅಯಾನುಗಳು ಹರಿಯುತ್ತವೆ.

ಹಂತ 5: ಹೇಗೆ ಮುಚ್ಚುತ್ತದೆ ಎಂದು ನೋಡಿ

ಎರ್ವಿನ್ ನೇಯರ್ ಮತ್ತು ಬರ್ಟ್ ಸಾಕ್‌ಮನ್ ಎಂಬ ಜರ್ಮನ್ ವಿಜ್ಞಾನಿಗಳು 1976ರಲ್ಲಿ ಸೂಕ್ಷ್ಮ ಗಾಜಿನ ನಳಿಕೆಯ ತುದಿಯನ್ನು ಕಪ್ಪೆಯ ಸ್ನಾಯುವಿನ ಪೊರೆಗೆ ಒತ್ತಿ, ಒಂದೇ ಒಂದು ಚಾನೆಲಿನ ಮೂಲಕ ಹರಿಯುವ ವಿದ್ಯುತ್ತನ್ನು ಅಳೆದರು. ಅದು ಕೆಲವೇ ಪಿಕೋಆಂಪಿಯರುಗಳಷ್ಟು. ಒಂದು ಪಿಕೋಆಂಪಿಯರ್ ಎಂದರೆ ಸೆಕೆಂಡಿಗೆ ಸುಮಾರು 62 ಲಕ್ಷ ಆವೇಶಗಳು. ದಾಖಲೆಯ ಗೆರೆ ನಿಧಾನವಾಗಿ ಏರಿಳಿಯಲಿಲ್ಲ. ಥಟ್ಟನೆ ಏರಿ, ಕೆಲವು ಮಿಲಿಸೆಕೆಂಡು ನಿಂತು, ಥಟ್ಟನೆ ಇಳಿಯಿತು. ಚಾನೆಲ್ ಒಂದೋ ತೆರೆದಿರುತ್ತದೆ, ಇಲ್ಲವೇ ಮುಚ್ಚಿರುತ್ತದೆ; ಸಂಕೇತವು ಬದಲಾಯಿಸುವುದು ತೆರೆದಿರುವ ಸಂಭವವನ್ನು.

ನರದ ಸೋಡಿಯಂ ಚಾನೆಲಿಗೆ ಮೂರನೆಯ ಸ್ಥಿತಿಯೊಂದಿದೆ. ತೆರೆದ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಪ್ರೋಟೀನಿನದೇ ಒಂದು ತುಣುಕು ಒಳಗಿನಿಂದ ದಾರಿಯನ್ನು ಕಟ್ಟುತ್ತದೆ. ವೋಲ್ಟೇಜ್ ಮತ್ತೆ ವಿಶ್ರಾಂತಿಗೆ ಮರಳುವ ತನಕ ಅದು ಪುನಃ ತೆರೆಯಲಾರದು. ಸಂಕೇತ ಬಂದ ದಾರಿಯಲ್ಲೇ ಹಿಂದಿರುಗದೆ ಮುಂದಕ್ಕೆ ಸಾಗುವುದು ಇದರಿಂದಲೇ.

ಹಂತ 6: ಬೀಟಾ ಕೋಶಕ್ಕೆ ಅನ್ವಯಿಸಿ

ಈಗ ಹಾಳೆಗೆ ಮರಳೋಣ. ಹಸಿದ ಹೊತ್ತಿನಲ್ಲಿ ಬೀಟಾ ಕೋಶವನ್ನು −70ರಲ್ಲಿ ಇಡುವುದು ಎಟಿಪಿಗೆ ಮುಚ್ಚುವ ಪೊಟ್ಯಾಸಿಯಂ ಚಾನೆಲ್. ಯಾರಿಗೆ ದಾರಿ? ಪೊಟ್ಯಾಸಿಯಂಗೆ. ಯಾವುದರ ಹತೋಟಿಯಲ್ಲಿದೆ? ಒಳಗಿನ ಎಟಿಪಿಯ ಹತೋಟಿಯಲ್ಲಿ. ಊಟದ ಬಳಿಕ ಗ್ಲೂಕೋಸ್ ಕೋಶದೊಳಗೆ ಬಂದು ಉರಿದು ಎಟಿಪಿ ಹೆಚ್ಚುತ್ತದೆ, ಚಾನೆಲ್‌ಗಳು ಮುಚ್ಚುತ್ತವೆ, −89ರತ್ತ ಇದ್ದ ಎಳೆತ ಸಡಿಲವಾಗುತ್ತದೆ. ಆಗ ಒಳಬರುವ ಸಣ್ಣಪುಟ್ಟ ಧನ ಪ್ರವಾಹಗಳದೇ ಮೇಲುಗೈಯಾಗಿ ವೋಲ್ಟೇಜ್ ಮೇಲೇರುತ್ತದೆ. ಸುಮಾರು −50 ಮುಟ್ಟುವಾಗ ವೋಲ್ಟೇಜಿಗೆ ತೆರೆಯುವ ಕ್ಯಾಲ್ಸಿಯಂ ಚಾನೆಲ್‌ಗಳು ತೆರೆಯುತ್ತವೆ. ಹೊರಗೆ ಹತ್ತು ಸಾವಿರ ಪಟ್ಟು ದಟ್ಟವಾಗಿರುವ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಒಳಗೆ ಅದು ಅಷ್ಟು ಕಡಿಮೆ ಇದ್ದುದರಿಂದ ಸ್ವಲ್ಪ ಬಂದರೂ ಸಾಂದ್ರತೆ ಹಲವು ಪಟ್ಟು ಏರುತ್ತದೆ. ಈ ಏರಿಕೆಯೇ ಇನ್ಸುಲಿನ್ ತುಂಬಿದ ಚೀಲಗಳನ್ನು ಪೊರೆಯೊಂದಿಗೆ ಬೆಸೆದು ಹೊರಕ್ಕೆ ಬರಿದು ಮಾಡಿಸುತ್ತದೆ. ಬಳಿಕ ಬೇರೆ ಪೊಟ್ಯಾಸಿಯಂ ಚಾನೆಲ್‌ಗಳು ತೆರೆದು ವೋಲ್ಟೇಜನ್ನು ಕೆಳಕ್ಕಿಳಿಸುತ್ತವೆ. ಗ್ಲೂಕೋಸ್ ಹೆಚ್ಚಿರುವ ತನಕ ಈ ಏರಿಳಿತ ಮತ್ತೆ ಮತ್ತೆ ನಡೆಯುತ್ತದೆ.

ಹಂತ 7: ಮಾತ್ರೆ ಎಲ್ಲಿ ಕೈಹಾಕುತ್ತದೆ ಎಂದು ಗುರುತಿಸಿ

ನಮ್ಮಲ್ಲಿ ಸಕ್ಕರೆ ಕಾಯಿಲೆಗೆ ಬಹಳ ಮಂದಿ ನುಂಗುವ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳು ಮೇಲೆ ಹೇಳಿದ ಪೊಟ್ಯಾಸಿಯಂ ಚಾನೆಲಿಗೇ ಅಂಟಿ ಅದನ್ನು ಮುಚ್ಚುತ್ತವೆ. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ರಕ್ತನಾಳದ ಸ್ನಾಯುಗಳ ಕ್ಯಾಲ್ಸಿಯಂ ಚಾನೆಲ್‌ಗಳನ್ನೂ, ಹಲ್ಲು ಕೀಳುವ ಮುನ್ನ ಚುಚ್ಚುವ ಲಿಗ್ನೋಕೇನ್ ನರದ ಸೋಡಿಯಂ ಚಾನೆಲ್‌ಗಳನ್ನೂ ತಡೆಯುತ್ತವೆ. ಇವುಗಳ ಪರಿಣಾಮವನ್ನು ಎರಡನೆಯ ಹಂತದ ನಿಯಮದಿಂದ ನೀವೇ ಹೇಳಬಹುದು.

ಹುಟ್ಟಿದ ಆರು ತಿಂಗಳೊಳಗೇ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವ ಕೆಲವು ಮಕ್ಕಳಲ್ಲಿ ಈ ಪೊಟ್ಯಾಸಿಯಂ ಚಾನೆಲಿನ ಜೀನ್ ಕೆಟ್ಟಿರುತ್ತದೆ ಎಂಬುದು 2004ರಲ್ಲಿ ತಿಳಿಯಿತು. ಎಟಿಪಿ ಏರಿದರೂ ಅವರ ಚಾನೆಲ್ ಮುಚ್ಚುವುದಿಲ್ಲ, ಇನ್ಸುಲಿನ್ ಕೋಶದಲ್ಲೇ ಉಳಿಯುತ್ತದೆ. ಚುಚ್ಚುಮದ್ದಿನ ಮೇಲೆಯೇ ಬದುಕುತ್ತಿದ್ದ ಇಂಥ 49 ಮಂದಿಗೆ ಚಾನೆಲ್ ಮುಚ್ಚಿಸುವ ಮಾತ್ರೆ ಕೊಟ್ಟು ನೋಡಿದಾಗ 44 ಮಂದಿ ಇನ್ಸುಲಿನ್ ಚುಚ್ಚುಮದ್ದನ್ನು ಬಿಡಲು ಸಾಧ್ಯವಾಯಿತೆಂದು 2006ರಲ್ಲಿ ವರದಿಯಾಯಿತು. ಆದ್ದರಿಂದ ಆರು ತಿಂಗಳೊಳಗಿನ ಮಗುವಿಗೆ ಸಕ್ಕರೆ ಕಾಯಿಲೆ ಎಂದು ತಿಳಿದಾಗ ಜೀನ್ ಪರೀಕ್ಷೆ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಇದೇ ಮಾತ್ರೆಯನ್ನು ನುಂಗುವ ದೊಡ್ಡವರಿಗೂ ಈ ಹಾಳೆಯಲ್ಲಿ ಒಂದು ಎಚ್ಚರಿಕೆಯಿದೆ. ಮಾತ್ರೆ ಚಾನೆಲನ್ನು ಮುಚ್ಚಲು ಎಟಿಪಿಗಾಗಿ, ಅಂದರೆ ಗ್ಲೂಕೋಸಿಗಾಗಿ ಕಾಯುವುದಿಲ್ಲ. ಊಟ ಬಿಟ್ಟ ದಿನವೂ ಚಾನೆಲ್ ಮುಚ್ಚುತ್ತದೆ, ಕ್ಯಾಲ್ಸಿಯಂ ಒಳಬರುತ್ತದೆ, ಇನ್ಸುಲಿನ್ ಹೊರಹೋಗುತ್ತದೆ, ರಕ್ತದ ಗ್ಲೂಕೋಸ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೈ ಬೆವರಿ, ಕೈ ನಡುಗಿ, ತಲೆ ಮಂಕಾದರೆ ಕೂಡಲೆ ಸಕ್ಕರೆ ಅಥವಾ ಗ್ಲೂಕೋಸ್ ತೆಗೆದುಕೊಳ್ಳಬೇಕು. ಉಪವಾಸ ಮಾಡುವ ದಿನ ಮಾತ್ರೆಯನ್ನು ಏನು ಮಾಡಬೇಕೆಂದು ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಬೇಕು.