‘ನಿಂಗೂ ಗೊತ್ತಾಗ್ತು’ ಎನ್ನುವ ಪರಿಣಿತರನ್ನು ಕಥೆಗೆ ತಂದದ್ದು: ನನ್ನ ಅನುಭವ

ಶಿರಸಿಯ ಅಡಿಕೆ ವ್ಯಾಪಾರದ ಸುತ್ತ ನಾನು ಪತ್ತೇದಾರಿ ಕಥೆ ಬರೆಯುತ್ತೇನೆ. ಕಥೆಗಳ ನಾಯಕರು ಹೆಗಡೇರು. ಅಡಿಕೆ ನೋಡಿ ದರ್ಜೆ ಹೇಳುವುದು ಅವರ ಕೆಲಸ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕ, ಯಾವುದೇ ಇರಲಿ, ಒಂದು ಹಿಡಿ ಎತ್ತಿದರೆ ಸಾಕು. ಅವರಲ್ಲಿ ಒಂದು ದೌರ್ಬಲ್ಯ ಬೇಕಿತ್ತು. ಕುಡಿತ, ಸಿಟ್ಟು, ಒಂಟಿತನ ಎಲ್ಲ ಬಿಟ್ಟೆ. ನಾನು ಕೊಟ್ಟದ್ದು ಬೇರೆ. ತನಗೆ ಕಾಣುವುದು ಈ ಕೆಲಸ ಕಲಿತ ಎಲ್ಲರಿಗೂ ಕಾಣುತ್ತದೆ ಎಂದು ಹೆಗಡೇರು ಮನಸಾರೆ ನಂಬಿದ್ದಾರೆ.

ಇದು ಅಹಂಕಾರ ಅಲ್ಲ. ಪಾತ್ರ ಬರೆಯುವಾಗ ನಾನು ಬಿಗಿಯಾಗಿ ಹಿಡಿದುಕೊಂಡದ್ದು ಇದನ್ನೇ. ಅಹಂಕಾರಿಗೆ ತಾನು ಬೇರೆ ಎಂದು ಗೊತ್ತಿರುತ್ತದೆ. ಹೆಗಡೇರಿಗೆ ಗೊತ್ತಿಲ್ಲ. ಅವರ ದೃಷ್ಟಿಯಲ್ಲಿ ತಾನು ಎಲ್ಲರಂತೆ ಒಬ್ಬ. ಹಾಗಾಗಿಯೇ ಅವರು ಜೊತೆಯವರಿಗೆ ಅರ್ಧ ಮಾತು ಹೇಳಿ ಹೊರಟುಬಿಡುತ್ತಾರೆ.

ಷರ್ಲಾಕ್ ಹೋಮ್ಸ್‌ನಲ್ಲೂ ಇದು ಇದೆ. ಅವನ ಜೊತೆಗಾರ ವಾಟ್ಸನ್ ದಡ್ಡ ಅಲ್ಲ. 1878ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದವನು, ಅಫ್ಘಾನಿಸ್ತಾನದ ಯುದ್ಧಕ್ಕೆ ಹೋಗಿ ಬಂದ ಡಾಕ್ಟರ್. ಆದರೂ ಸದಾ ಹತ್ತಿಳಿಯುವ ಮನೆಯ 17 ಮೆಟ್ಟಿಲುಗಳನ್ನು ಹೋಮ್ಸ್ ಎಣಿಸಿದ್ದಾನೆ, ವಾಟ್ಸನ್ ಎಣಿಸಿಲ್ಲ. ನನ್ನ ವಿಧಾನ ನಿನಗೆ ಗೊತ್ತಲ್ಲ, ನೀನೇ ಮಾಡಿ ನೋಡು ಎಂದು ಹೋಮ್ಸ್ ಮತ್ತೆ ಮತ್ತೆ ಹೇಳುತ್ತಾನೆ. ವಿಧಾನ ಗೊತ್ತಿದ್ದ ಮಾತ್ರಕ್ಕೆ ಕೈಗೆ ಬಂದೀತೇ?

ಹೋಮ್ಸ್‌ನ ಹಿಂದೆ ನಿಜವಾದ ಮನುಷ್ಯರೊಬ್ಬರು ಇದ್ದರು. ಎಡಿನ್‌ಬರೋದ ಡಾಕ್ಟರ್ ಜೋಸೆಫ್ ಬೆಲ್. ಹೋಮ್ಸ್ ಕಥೆಗಳನ್ನು ಬರೆದ ಕಾನನ್ ಡಾಯ್ಲ್ ಈ ಬೆಲ್ ಬಳಿ ಕಲಿತವರು. ಒಮ್ಮೆ ಒಬ್ಬ ರೋಗಿ ಒಳಗೆ ಬಂದ. ಬೆಲ್ ಒಂದೊಂದೇ ಪ್ರಶ್ನೆ ಕೇಳುತ್ತ ಹೋದರು. ನೀನು ಸೈನ್ಯದಲ್ಲಿ ಇದ್ದೆ, ಬಿಟ್ಟು ಜಾಸ್ತಿ ದಿನ ಆಗಿಲ್ಲ, ಬಾರ್ಬಡೋಸ್‌ನಲ್ಲಿ ಇದ್ದೆ, ಅಲ್ವಾ? ಎಲ್ಲಕ್ಕೂ ಅವನು ಹೌದು ಅಂದ. ವಿದ್ಯಾರ್ಥಿಗಳು ಬೆರಗಾದರು. ಬೆಲ್ ವಿವರಿಸಿದರು: ಮನುಷ್ಯ ಮರ್ಯಾದಸ್ಥ, ಆದರೆ ಟೋಪಿ ತೆಗೆಯಲಿಲ್ಲ, ಸೈನ್ಯದಲ್ಲಿ ತೆಗೆಯುವುದಿಲ್ಲ. ಬಿಟ್ಟು ಬಹಳ ದಿನ ಆಗಿದ್ದರೆ ಊರಿನ ರೂಢಿ ಬಂದಿರುತ್ತಿತ್ತು. ಅವನಿಗೆ ಇದ್ದದ್ದು ಆನೆಕಾಲು ರೋಗ. ಅದು ಬ್ರಿಟನ್ನಿನದಲ್ಲ, ವೆಸ್ಟ್ ಇಂಡೀಸ್‌ನದು. ಇದನ್ನು ಓದಿದಾಗ ನನ್ನ ಗಮನ ಬೆಲ್ ಮೇಲಿರಲಿಲ್ಲ, ಆ ವಿದ್ಯಾರ್ಥಿಗಳ ಮೇಲಿತ್ತು. ಆನೆಕಾಲು ಎಲ್ಲಿ ಬರುತ್ತದೆ ಎಂದು ಕಲಿಯುವವರೇ ಅವರು. ಟೋಪಿ ಅವರ ಕಣ್ಣೆದುರೇ ಇತ್ತು. ಎರಡನ್ನೂ ಜೋಡಿಸಲು ಆಗಲಿಲ್ಲ.

ಹಾಗಾಗಿ ನನ್ನ ಕಥೆಯಲ್ಲಿ ಹೆಗಡೇರ ಕೈಕೆಳಗಿನ ಹುಡುಗನನ್ನು ಪೆದ್ದ ಮಾಡಲಿಲ್ಲ. ಸಹಾಯಕ ಪೆದ್ದನಾದರೆ ತಪ್ಪು ಅವನದೇ ಆಗುತ್ತದೆ, ಕಥೆ ಅಲ್ಲಿಗೆ ಸಾಯುತ್ತದೆ. ಹುಡುಗ ಚೆನ್ನಾಗಿ ಕೆಲಸ ಕಲಿತವನು. ಚೀಲದ ಮೇಲಿಂದ, ನಡುವಿನಿಂದ, ಅಡಿಯಿಂದ ಅಡಿಕೆ ತೆಗೆಯುತ್ತಾನೆ. ಅಡಕತ್ತರಿಯಲ್ಲಿ ಒಡೆದು ಒಳಗಿನ ಬಣ್ಣ ನೋಡುತ್ತಾನೆ. ಹುಳ, ಬೂಸ್ಟು ಹುಡುಕುತ್ತಾನೆ. ಅವನಿಗೆ ಏನೇನು ಗೊತ್ತು ಎಂದು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಕಥೆಯ ಕೊನೆಯವರೆಗೂ ಆ ಹಾಳೆ ದಾಟಲಿಲ್ಲ.

ಹೆಗಡೇರಿಗೆ ಹಾಳೆ ಸಾಲಲಿಲ್ಲ. ಅದಕ್ಕಾಗಿ ವ್ಯಾಪಾರದ ಅಂಗಳದಲ್ಲಿ ಹೋಗಿ ಕೂತೆ. ಅಲ್ಲಿ ಹಿರಿಯರೊಬ್ಬರು ಮಗಳ ಮದುವೆಯ ಮಾತಾಡುತ್ತಲೇ ಚಾಲಿಯ ಚೀಲಕ್ಕೆ ಕೈಹಾಕಿ, ಒಂದು ಹಿಡಿ ಎತ್ತಿ, ಮೆಲ್ಲಗೆ ವಾಪಸ್ ಸುರಿದರು. ಮತ್ತೊಂದು ಚೀಲ. ಮತ್ತೆ ಸುರಿದರು. ಮೂರನೆಯದಕ್ಕೆ ಮಾತು ನಿಂತಿತು. ‘ಇದು ಒಣಗಿಲ್ಲೆ’ ಅಂದರು. ಒಡೆದು ನೋಡಿದರೆ ಒಳಗೆ ಹಸಿ. ಹೇಗೆ ಗೊತ್ತಾಯ್ತು ಅಂತ ಕೇಳಿದೆ. ‘ನೋಡಿದ್ರೆ ಗೊತ್ತಾಗ್ತಲ’ ಅಂದರು. ಆದರೆ ಅವರು ನೋಡಿರಲೇ ಇಲ್ಲ. ಕೇಳಿಸಿಕೊಂಡಿದ್ದರು! ಒಣಗಿದ ಅಡಿಕೆ ಬೀಳುವಾಗ ಕಣಕಣ ಅನ್ನುತ್ತದೆ, ಹಸಿಯದ್ದು ಮಂದ. ತಾನು ಕಿವಿಯಿಂದ ಕೆಲಸ ಮಾಡುತ್ತೇನೆ ಎಂಬುದು ಅವರಿಗೇ ತಿಳಿದಿರಲಿಲ್ಲ. ತಿಳಿಯದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು ಹೇಗೆ?

ನನ್ನ ಕಥೆಗೆ ಬೀಗದ ಕೈ ಸಿಕ್ಕಿದ್ದು ಅಲ್ಲಿ. ಮನೆಗೆ ಬಂದು ಹೆಗಡೇರ ತಲೆಯೊಳಗೆ ನಡೆಯುವುದನ್ನೆಲ್ಲ ಸಾಲುಸಾಲಾಗಿ ಬರೆದೆ: ಹಿಡಿಯ ತೂಕ, ಬೀಳುವ ಸದ್ದು, ಚೀಲದ ಬಾಯಿ ಬಿಚ್ಚಿದಾಗಿನ ವಾಸನೆ, ಬಂದ ಊರು, ಆ ವರ್ಷದ ಮಳೆ. ಆಮೇಲೆ ಅವರು ಬಾಯಿಬಿಟ್ಟು ಹೇಳದೆ ಬಿಡುವ ಸಾಲುಗಳನ್ನು ಹೊಡೆದುಹಾಕಿದೆ. ಉಳಿದದ್ದು ಎರಡೇ ಮಾತು. ‘ಆ ಲಾಟು ಸ್ವಲ್ಪ ನೋಡಾ ತಮಾ. ನಿಂಗೂ ಗೊತ್ತಾಗ್ತು.’ ಹೊಡೆದುಹಾಕಿದ ಸಾಲುಗಳಲ್ಲೇ ಕಥೆಯ ಅಪರಾಧ ಅಡಗಿದೆ. ಹೆಗಡೇರು ಕುಮಟಾಕ್ಕೆ ಹೊರಟ ದಿನ ಆ ಲಾಟು ಬರುತ್ತದೆ. ಹುಡುಗ ಕಲಿತದ್ದನ್ನೆಲ್ಲ ಸರಿಯಾಗಿ ಮಾಡುತ್ತಾನೆ. ಮೋಸ ಮಾಡಿದವನಿಗೂ ಈ ಕೆಲಸ ಗೊತ್ತು. ಮಾದರಿ ತೆಗೆಯುವವರ ಕೈ ಎಲ್ಲೆಲ್ಲಿ ಹೋಗುತ್ತದೆಂದು ತಿಳಿದು, ಅಲ್ಲೆಲ್ಲ ಒಳ್ಳೆ ಅಡಿಕೆಯನ್ನೇ ತುಂಬಿದ್ದಾನೆ.

ಹೆಗಡೇರು ವಾಪಸ್ ಬಂದಾಗಿನ ದೃಶ್ಯವೇ ನನಗೆ ಹೆಚ್ಚು ಇಷ್ಟ. ಅವರು ಬೈಯುವುದಿಲ್ಲ. ಗಾಬರಿಯಾಗುತ್ತಾರೆ. ‘ನಿಂಗೆ ಕೇಳ್ಸಿದ್ದಿಲ್ಯನಾ?’ ಎಂದು ನಿಜವಾಗಿ ಕೇಳುತ್ತಾರೆ. ಹುಡುಗ ‘ಎಂತಾ ಕೇಳ್ಸವು ಹೆಗಡೇರೆ?’ ಅನ್ನುತ್ತಾನೆ. ಉತ್ತರ ಕೊಡಲು ಹೆಗಡೇರು ಚೀಲದ ಮುಂದೆ ಕೂತು, ಒಂದೊಂದೇ ಹಿಡಿ ಸುರಿದು, ತನ್ನ ಕೆಲಸವನ್ನು ತಾನೇ ಮೊದಲ ಸಲ ಗಮನಿಸಬೇಕಾಗುತ್ತದೆ. ಕಳ್ಳ ಸಿಗುವುದಕ್ಕಿಂತ ಜಾಸ್ತಿ ಜಾಗವನ್ನು ಈ ದೃಶ್ಯಕ್ಕೆ ಕೊಟ್ಟಿದ್ದೇನೆ.

ಈಗ ಕಾರವಾರದ ಬೈತಖೋಲ್ ಬಂದರಿನ ತಾಂಡೇಲರೊಬ್ಬರ, ಅಂದರೆ ಮೀನುಗಾರಿಕೆ ಬೋಟಿನ ಮುಖ್ಯಸ್ಥರೊಬ್ಬರ, ಪಾತ್ರ ಬರೆಯುತ್ತಿದ್ದೇನೆ. ನೀರಿನ ಬಣ್ಣ ನೋಡಿ ಬಂಗಡೆ ಹಿಂಡು ಎಲ್ಲಿದೆ ಅನ್ನುವವರು. ಬೋಟಿನಲ್ಲಿರುವವರೆಲ್ಲ ನುರಿತ ಮೀನುಗಾರರೇ. ಬಲೆ ಬಿಡುವ ಹೊತ್ತಿಗೆ ತಾಂಡೇಲರು ಕೈ ತೋರಿಸಿ ‘ಅಲ್ಲಿ’ ಎಂದಷ್ಟೇ ಹೇಳುತ್ತಾರೆ. ಎಲ್ಲರೂ ಆ ಕಡೆಗೇ ನೋಡುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಜಾಗ ಕಾಣುತ್ತದೆ.