ಮತ್ತೆ ಮತ್ತೆ ಬರುವ ವಾಂತಿ: ಮುಂದಿನ ಸಲಕ್ಕೆ ಇವತ್ತೇ ತಯಾರಾಗಿ

ರಾತ್ರಿ ಉಂಡು, ಆಡಿ ಮಲಗಿದ್ದ ಮಗು ಬೆಳಗಿನ ಜಾವ ಎದ್ದು ಕೂರುತ್ತದೆ. ಮುಖ ಬಿಳಿಚಿಕೊಂಡಿದೆ. ಮಾತಿಲ್ಲ. ಎಂಜಲು ನುಂಗಿದರೂ ಹೊಟ್ಟೆ ತೊಳಸುತ್ತದೆ ಅಂತ ಜೊಲ್ಲನ್ನು ಹಾಗೇ ಬಕೆಟ್ಟಿಗೆ ಬಿಡುತ್ತಿದೆ. ಆಮೇಲೆ ವಾಂತಿ ಶುರು. ಗಂಟೆಗೆ ನಾಲ್ಕು ಸಲ, ಆರು ಸಲ. ಹೊಟ್ಟೆ ಖಾಲಿಯಾದರೂ ನಿಲ್ಲುವುದಿಲ್ಲ. ಒಂದೆರಡು ದಿನ ಹೀಗೇ ಕಳೆದು, ಬಂದ ಹಾಗೇ ಥಟ್ಟನೆ ನಿಂತು, ಮಗು ಊಟ ಕೇಳುತ್ತದೆ. ತಿಂದಿದ್ದು ಏನೋ ಆಗಿಬರಲಿಲ್ಲ ಅಂದುಕೊಂಡು ಮನೆಯವರು ಮರೆಯುತ್ತಾರೆ. ಕೆಲವು ವಾರ ಬಿಟ್ಟು ಅದೇ ಹೊತ್ತಿಗೆ, ಅದೇ ರೀತಿ, ಮತ್ತೆ.

ಇದು ಸೈಕ್ಲಿಕ್ ವಾಮಿಟಿಂಗ್ ಸಿಂಡ್ರೋಮ್ ಇರಬಹುದು. ಹೊಸ ಕಾಯಿಲೆಯೇನಲ್ಲ. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1882ರಲ್ಲೇ ಮಕ್ಕಳಲ್ಲಿ ಇದನ್ನು ಕಂಡು ಬರೆದಿಟ್ಟಿದ್ದರು. ದೊಡ್ಡವರಿಗೂ ಬರುತ್ತದೆ. ವಾಂತಿ ಆಗುವುದು ಹೊಟ್ಟೆಯಿಂದಲೇ ಆದರೂ ಗಲಾಟೆ ಇರುವುದು ಮಿದುಳು ಮತ್ತು ಹೊಟ್ಟೆಯ ನಡುವಿನ ನರಗಳಲ್ಲಿ. ಮೈಗ್ರೇನ್‌ಗೆ ಇದು ಹತ್ತಿರದ ನೆಂಟ. ಮನೆಯಲ್ಲಿ ಯಾರಿಗಾದರೂ ಮೈಗ್ರೇನ್ ಇದೆಯಾ ಅಂತ ಡಾಕ್ಟರು ಕೇಳುವುದು ಅದಕ್ಕೇ.

ವಾಂತಿ ಶುರುವಾದ ಮೇಲೆ ಓಡಾಡುವುದಕ್ಕಿಂತ, ಚೆನ್ನಾಗಿರುವ ದಿನಗಳಲ್ಲಿ ಮಾಡುವ ಕೆಲಸವೇ ಇಲ್ಲಿ ಜಾಸ್ತಿ.

1. ಒಂದು ನೋಟ್‌ಬುಕ್ ಇಡಿ

ಈ ಕಾಯಿಲೆಯನ್ನು ತೋರಿಸಿಕೊಡುವ ರಕ್ತಪರೀಕ್ಷೆ ಇಲ್ಲ. ವಾಂತಿ ಬಂದು ಹೋಗುವ ಕ್ರಮವೇ ಗುರುತು. ಹಾಗಾಗಿ ಬರೆದಿಡಿ: "ಬೆಳಿಗ್ಗೆ 4.20ಕ್ಕೆ ಎದ್ದಳು, ಮುಖ ಬಿಳಿ. ಎರಡು ದಿನದಿಂದ ನೆಗಡಿ, ನಿದ್ದೆ ಕಮ್ಮಿ. ಕೊನೆಯ ವಾಂತಿ ಮರುದಿನ ಮಧ್ಯಾಹ್ನ 3ಕ್ಕೆ." ಇಂಥ ನಾಲ್ಕು ಪುಟ ಕಂಡರೆ ಡಾಕ್ಟರಿಗೆ ಅರ್ಧ ದಾರಿ ಸಿಕ್ಕಿದ ಹಾಗೆ. ದೊಡ್ಡವರಲ್ಲಾದರೆ ವರ್ಷದಲ್ಲಿ ಮೂರು ಸಲವಾದರೂ ಬಂದಿದೆಯಾ, ಪ್ರತಿ ಸಲ ಒಂದು ವಾರದೊಳಗೆ ನಿಂತಿದೆಯಾ, ನಡುವೆ ವಾಂತಿಯೇ ಇಲ್ಲದೆ ಇರುತ್ತಾರಾ ಅಂತ ನೋಡುತ್ತಾರೆ.

ನಿದ್ದೆಗೆಡುವುದು, ಹಸಿದಿರುವುದು, ಜ್ವರ, ಮುಟ್ಟು, ದೂರದ ಪ್ರಯಾಣ, ಪರೀಕ್ಷೆಯ ಒತ್ತಡ ಇದನ್ನು ಕೆದಕಬಹುದು. ಖುಷಿ ಜಾಸ್ತಿಯಾದರೂ ಸಾಕು. ಶಾಲೆ ತಪ್ಪಿಸಲು ನಾಟಕ ಅಂತ ಮಗುವನ್ನು ಗದರುವವರು ಇದನ್ನು ಗಮನಿಸಬೇಕು: ಎಷ್ಟೋ ಮಕ್ಕಳಿಗೆ ಇದು ಬರುವುದು ತಮ್ಮದೇ ಹುಟ್ಟುಹಬ್ಬದ ದಿನ. ಅದನ್ನು ಯಾರು ಬೇಕಂತ ತಪ್ಪಿಸಿಕೊಳ್ಳುತ್ತಾರೆ, ಅಲ್ವಾ?

2. ಬೇರೇನೂ ಅಲ್ಲ ಅಂತ ಖಚಿತ ಮಾಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಹಸಿರು ಬಣ್ಣದ ವಾಂತಿಯಾದರೆ ಕರುಳು ತಿರುಚಿಕೊಂಡಿರಬಹುದು. ಸಕ್ಕರೆ ಕಾಯಿಲೆ, ಮೂತ್ರಪಿಂಡದಲ್ಲಿ ತಡೆ, ಮಿದುಳಿನ ಗಡ್ಡೆ, ಗರ್ಭ ಇವೆಲ್ಲ ಇದೇ ವೇಷದಲ್ಲಿ ಬರಬಲ್ಲವು. ಎರಡು ವರ್ಷದೊಳಗಿನ ಕೂಸುಗಳಲ್ಲಿ ಹುಟ್ಟಿನಿಂದ ಬಂದ ಮೆಟಬಾಲಿಕ್ ತೊಂದರೆಗಳನ್ನೂ (ತಿಂದಿದ್ದನ್ನು ಮೈ ಸರಿಯಾಗಿ ಬಳಸಿಕೊಳ್ಳಲಾಗದ ಕಾಯಿಲೆಗಳು) ನೋಡಬೇಕು. ದೊಡ್ಡವರನ್ನು ಗಾಂಜಾ ಸೇದುತ್ತೀರಾ ಅಂತ ಕೇಳುತ್ತಾರೆ. ಮುಜುಗರ ಬಿಟ್ಟು ನಿಜ ಹೇಳಿ. ಅದು ಕಾರಣವಾಗಿದ್ದರೆ ಬಿಡುವುದೇ ಚಿಕಿತ್ಸೆ. ಬಿಸಿನೀರು ಮೈಮೇಲೆ ಬಿದ್ದರೆ ಹಾಯೆನಿಸುತ್ತದೆ ಅನ್ನುವುದು ಮಾತ್ರ ಗಾಂಜಾದ ಗುರುತಲ್ಲ. ಅದನ್ನು ಮುಟ್ಟದವರಿಗೂ ಹಾಗೆ ಆಗುತ್ತದೆ.

3. ತಡೆಯುವ ಔಷಧಿ

ವಾಂತಿ ಪದೇ ಪದೇ ಬರುತ್ತಿದ್ದರೆ, ಅಥವಾ ಬಂದಾಗಲೆಲ್ಲ ಆಸ್ಪತ್ರೆ ಸೇರುವ ಹಾಗಾದರೆ ದಿನಾ ತೆಗೆದುಕೊಳ್ಳುವ ಮಾತ್ರೆ ಬೇಕಾಗುತ್ತದೆ. ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸೈಪ್ರೊಹೆಪ್ಟಡೀನ್. ಹಸಿವು, ತೂಕಡಿಕೆ ಎರಡೂ ಜಾಸ್ತಿಯಾಗಬಹುದು. ಅದಕ್ಕಿಂತ ದೊಡ್ಡ ಮಕ್ಕಳಿಗೂ ವಯಸ್ಕರಿಗೂ ಮೊದಲ ಆಯ್ಕೆ ಅಮಿಟ್ರಿಪ್ಟಿಲೀನ್. ಖಿನ್ನತೆಯ ಮಾತ್ರೆ ಅಂತ ಚೀಟಿ ನೋಡಿ ಗಾಬರಿ ಬೇಡ, ಇಲ್ಲಿ ಅದರ ಕೆಲಸವೇ ಬೇರೆ. ರಾತ್ರಿ ಹೊತ್ತು, ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಮೊದಲು ಇಸಿಜಿ ಮಾಡಿಸಿ. ಪ್ರೊಪ್ರಾನೊಲಾಲ್ ಅನ್ನುವ ಇನ್ನೊಂದು ತಡೆಯುವ ಮಾತ್ರೆ ಕೊಟ್ಟರೆ, ಉಬ್ಬಸ ಇರುವವರು ಅದನ್ನು ಮೊದಲೇ ಹೇಳಬೇಕು. ಎರಡು ವಾರ ನುಂಗಿ "ಏನೂ ಆಗಲಿಲ್ಲ" ಅಂತ ಸುಮ್ನೆ ಬಿಟ್ಟುಬಿಡಬೇಡಿ. ಗುಣ ಕಾಣಲು ತಿಂಗಳುಗಳೇ ಹಿಡಿಯಬಹುದು.

4. ಒಂದು ಹಾಳೆ, ಒಂದು ಪುಟ್ಟ ಚೀಲ

ತುರ್ತು ವಿಭಾಗದಲ್ಲಿ ಪ್ರತಿ ಸಲ ಹೊಸ ಡಾಕ್ಟರು ಸಿಗುತ್ತಾರೆ, ಪ್ರತಿ ಸಲ ಕಥೆ ಮೊದಲಿಂದ ಹೇಳಬೇಕು. ಅದರ ಬದಲು ನಿಮ್ಮ ಡಾಕ್ಟರಿಂದ ಒಂದೇ ಪುಟ ಬರೆಸಿ ಸಹಿ ಹಾಕಿಸಿಟ್ಟುಕೊಳ್ಳಿ: ಕಾಯಿಲೆಯ ಹೆಸರು, ತೂಕ, ಯಾವ ಡ್ರಿಪ್, ಯಾವ ಇಂಜೆಕ್ಷನ್. ಚೀಲದಲ್ಲಿ ಆ ಹಾಳೆ, ನಾಲಿಗೆ ಮೇಲೆ ಕರಗುವ ವಾಂತಿ ಮಾತ್ರೆ ಆಂಡಾನ್ಸೆಟ್ರಾನ್, ಡಾಕ್ಟರು ಬರೆದಿದ್ದರೆ ಮೈಗ್ರೇನ್‌ಗೆ ಕೊಡುವ ಸುಮಾಟ್ರಿಪ್ಟಾನ್ ಮೂಗಿನ ಸ್ಪ್ರೇ, ಓಆರ್‌ಎಸ್, ಒಂದು ಟವೆಲ್.

5. ಶುರುವಾಯಿತು ಅನ್ನಿಸಿದ ಕೂಡಲೇ

ಮುಖ ಬಿಳಿಚಿತು, ಬೆವರಿತು, ಹೊಟ್ಟೆ ತೊಳಸಿತು, ಆದರೆ ವಾಂತಿ ಇನ್ನೂ ಬಂದಿಲ್ಲ. ಚೀಲದಲ್ಲಿರುವ ಔಷಧಿಗೆ ಸರಿಯಾದ ಹೊತ್ತು ಇದೇ. "ನೋಡೋಣ" ಅಂತ ಕಾದರೆ ಮಾತ್ರೆಯೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಔಷಧಿ ಕೊಟ್ಟು, ದೀಪ ಆರಿಸಿ, ಟಿವಿ ನಿಲ್ಲಿಸಿ ಮಲಗಿಸಿ. ನಿದ್ದೆ ಬಂದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಕೆಲವರು ಗಟಗಟ ನೀರು ಕುಡಿದು ಕಕ್ಕುತ್ತಾರೆ. ಅದು ಹಟವಲ್ಲ, ಪಿತ್ತದ ಉರಿ ಕಡಿಮೆಯಾಗಲಿ ಅಂತ ಹಾಗೆ ಮಾಡುತ್ತಾರೆ.

ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಆಸ್ಪತ್ರೆಗೆ ಹೊರಡಿ. ಅಲ್ಲಿ ಗ್ಲೂಕೋಸ್ ಇರುವ ಡ್ರಿಪ್, ವಾಂತಿಯ ಇಂಜೆಕ್ಷನ್, ಬೇಕಾದರೆ ಮಂಪರು ಬರಿಸುವ ಔಷಧಿ ಕೊಡುತ್ತಾರೆ. ಕತ್ತಲೆ ಇರುವ ಸದ್ದಿಲ್ಲದ ಜಾಗ ಕೇಳಿ ಪಡೆಯಿರಿ. ವಾಂತಿಯಲ್ಲಿ ರಕ್ತ, ಸಹಿಸಲಾಗದ ಹೊಟ್ಟೆನೋವು, ಜೋರು ತಲೆನೋವು, ಕರೆದರೆ ಓಗೊಡದಷ್ಟು ಮಂಕು, ಅಥವಾ ಪ್ರತಿ ಸಲದ ಹಾಗಿಲ್ಲದ ಯಾವುದೇ ಬದಲಾವಣೆ ಕಂಡರೆ ಒಂದು ನಿಮಿಷವೂ ಕಾಯಬೇಡಿ.

6. ನಿಂತ ಮೇಲೆ

ತಕ್ಷಣ ಹಲ್ಲುಜ್ಜಬೇಡಿ, ಹೊಟ್ಟೆಯ ಆಮ್ಲ ತಾಗಿ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ. ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿದರೆ ಸಾಕು. ಬ್ರಷ್ ಅರ್ಧ ಗಂಟೆ ಬಿಟ್ಟು. ಊಟ ಕೇಳಿದರೆ ಕೊಡಿ, ತಡೆಯಬೇಡಿ. ಮಗು ಮಲಗಿದ ಮೇಲೆ ಕೊನೆಯ ವಾಂತಿಯ ಸಮಯ ನೋಟ್‌ಬುಕ್ಕಿನಲ್ಲಿ ಬರೆದು, ಖರ್ಚಾದ ಮಾತ್ರೆಯ ಬದಲು ಹೊಸದು ತಂದು, ತಾರೀಖು ನೋಡಿ ಚೀಲದಲ್ಲಿಡಿ.